ನಡುವೆ ಮುರಿಯುವ ಕೂಗು

ಸವಿತಾಳ ಬಾಯಿಂದ ಹೊರಡುವುದು ಒಂದೇ ಕೂಗು. ಅದು ಗಂಟಲಿನ ತಳದಿಂದ ದಪ್ಪಗೆ ಎದ್ದು, ಅರ್ಧ ದಾರಿಗೆ ಬಂದು ತಟಕ್ಕನೆ ಮುರಿದು, ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಸಣ್ಣಗೆ ಮೇಲಕ್ಕೇರುತ್ತದೆ. ಹುಟ್ಟುವಾಗ ಉಸಿರು ತಡವಾಗಿ ಬಂದ ಮಗು ಅದು. ಕೈಕಾಲು ಅವಳ ಮಾತು ಕೇಳಲಿಲ್ಲ, ನಾಲಿಗೆಯಂತೂ ಮೊದಲಿನಿಂದಲೇ ಕೇಳಲಿಲ್ಲ. ಈಗ ಮದುವೆಯ ವಯಸ್ಸು ದಾಟಿದ ಹೆಣ್ಣು. ತಲೆಯೊಳಗೆ ಎಲ್ಲ ತಿಳಿಯುತ್ತದೆ. ಓಣಿಯಲ್ಲಿ ಯಾವ ಸೊಸೆ ಯಾವ ಅತ್ತೆಯ ಮೇಲೆ ಮುನಿಸಿಕೊಂಡಿದ್ದಾಳೆ ಎಂಬುದೂ ತಿಳಿಯುತ್ತದೆ. ಹೇಳುವುದಕ್ಕೆ ಮಾತ್ರ ಈ ಒಂದು ಕೂಗು. ಆ ಒಂದರೊಳಗೆ ಹಸಿವು ಯಾವುದು, ನೋವು ಯಾವುದು, ಕುರ್ಚಿ ತಿರುಗಿಸು ಅನ್ನುವುದು ಯಾವುದು ಎಂದು ಬಿಡಿಸಬಲ್ಲವಳು ಭೂಮಿಯ ಮೇಲೆ ಒಬ್ಬಳೇ, ಹೆತ್ತ ತಾಯಿ ರೇಣವ್ವ. ಹಾಗಂತ ರೇಣವ್ವ ತಿಳಿದಿದ್ದಳು.

ತಿಳಿದದ್ದು ಹೆಮ್ಮೆಯೂ ಹೌದು, ಎದೆಯ ಮೇಲಿನ ಕಲ್ಲೂ ಹೌದು. ಗಂಡ ಹುಲ್ಲಪ್ಪ ಕುರಿ ಕಾಯುತ್ತ ಕಾಯುತ್ತ ಮೊಣಕಾಲು ಸವೆಸಿಕೊಂಡು ಹೋದ ವರ್ಷ ತೀರಿಕೊಂಡ. ಈ ಚಳಿಗಾಲ ರೊಟ್ಟಿ ಬಡಿಯುತ್ತ ಕೂತಿದ್ದ ರೇಣವ್ವನಿಗೆ ಎದೆ ಹಿಡಿದುಕೊಂಡಿತು, ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿದಳು. ಬದಾಮಿ ದವಾಖಾನೆಯ ಡಾಕ್ಟರು ಗುಳಿಗೆ ಕೊಟ್ಟು, ಹುಷಾರಾಗಿರಬೇಕು ಎಂದರು. ಸಾವಿಗೆ ಅವಳು ಅಂಜಲಿಲ್ಲ. ತಾನು ಸತ್ತ ಮರುದಿನ ಬೆಳಿಗ್ಗೆ ಮಗಳು ಬಾಯಿ ತೆಗೆದರೆ ಅದು ನೀರಿಗೋ ನೋವಿಗೋ ಎಂದು ಯಾರಿಗೆ ಗೊತ್ತಾಗಬೇಕು, ಅದೊಂದಕ್ಕೆ ಅಂಜಿದಳು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ಬಾಯಿದ್ದೂ ಮಾತಿಲ್ಲದವಳ ಗತಿ ಏನು ಎಂದು ಯಾವ ಗಾದೆಯೂ ಹೇಳಲಿಲ್ಲ.

ಹತ್ತಿರದ ಸಂಬಂಧ ಅಂದರೆ ಮೈದುನನ ಮಗ ನಿಂಗರಾಜ. ಪಟ್ಟದಕಲ್ಲಿನ ಗುಡಿಗಳ ಎದುರು ಎಳನೀರು, ತಂಪು ಬಾಟಲಿ ಮಾರುವ ಅಂಗಡಿ ಇಟ್ಟುಕೊಂಡಿದ್ದ, ಜೊತೆಗೆ ಮೂರು ಗಾಲಿಯ ಒಂದು ಟಂಟಂ ಗಾಡಿ. ಕೆಟ್ಟವನಲ್ಲ. ಆದರೆ ಮಾತು ಬಂದಾಗಲೆಲ್ಲ ಹೊಲ ತನ್ನ ಹೆಸರಿಗಾದರೆ ಸವಿತಾಳನ್ನು ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದ, ಹೊಲದ ಹೆಸರು ಮೊದಲು ಬಂದು ಸವಿತಾಳ ಹೆಸರು ಆಮೇಲೆ ಬರುತ್ತಿತ್ತು. ರೇಣವ್ವ ಕುರುಬರ ಮನೆಯ ಹೆಣ್ಣು. ಮೊದಲು ಬಂದ ಕುರಿ ಯಾವುದು, ಹಿಂದೆ ಉಳಿದ ಕುರಿ ಯಾವುದು ಎಂದು ಅವಳ ಕಣ್ಣು ತಾನಾಗಿ ನೋಡುತ್ತದೆ.

ಅಂಗವಿಕಲರ ಶಿಬಿರವೊಂದರಲ್ಲಿ ಅವಳಿಗೆ ವಕೀಲೆ ಫರಹಾನಾಳ ಪರಿಚಯವಾಗಿತ್ತು. ಬಾಗಲಕೋಟೆಯ ನವನಗರದಲ್ಲಿ ಅವಳ ಕಚೇರಿ. ಅವಳ ತಂದೆಯ ಕಾಲದ ಮನೆ ಹಳೇ ಊರಿನಲ್ಲಿತ್ತು, ಆಲಮಟ್ಟಿಯ ಹಿನ್ನೀರು ಬಂದು ನುಂಗಿತು. ಇರುವುದು ಇದ್ದ ಹಾಗೇ ಇರುತ್ತದೆ ಎಂದು ನಂಬಿ ಕೂಡ್ರುವ ಜಾಯಮಾನ ಅವಳದಲ್ಲ. ರೇಣವ್ವ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಹೊಲವನ್ನು ಯಾರ ಹೆಸರಿಗೂ ಮಾಡಬೇಡಿ, ಸವಿತಾಳ ಸಲುವಾಗಿ ಒಂದು ಟ್ರಸ್ಟ್ ಮಾಡೋಣ ಎಂದಳು. ಆಸ್ತಿ ಟ್ರಸ್ಟಿಗೆ ಸೇರಿರುತ್ತದೆ, ನಡೆಸುವವರು ಬೇರೆ ಇರುತ್ತಾರೆ, ಉಣ್ಣುವವಳು ಸವಿತಾ ಒಬ್ಬಳೇ. ಇನ್ನು ಹುಡುಗಿಯ ಕೈ ಹಿಡಿಯುವವರನ್ನು ಪೋಷಕರು ಎನ್ನುತ್ತಾರೆ, ಅವರನ್ನು ಡಿಸಿ ಆಫೀಸಿನ ಸಮಿತಿ ನೇಮಿಸುತ್ತದೆ, ನೀವು ಬೇಕೆಂದವರನ್ನೇ ಕೇಳಬಹುದು.

“ಹೊಲ ಒಬ್ಬರ ಕೈಯಾಗಿರಲಿ, ಹುಡುಗಿ ಇನ್ನೊಬ್ಬರ ಕೈಯಾಗಿರಲಿ ರೇಣವ್ವಾರ,” ಎಂದಳು ಫರಹಾನಾ. “ಎರಡೂ ಒಂದ ಕೈಗೆ ಬಿದ್ರ ಯಾವುದು ಭಾರ ಅನಿಸ್ತದೋ ಅದನ್ನ ಕೆಳಗ ಇಳಿಸ್ತಾರ.”

ಆ ಮಾತು ರೇಣವ್ವನ ಮನಸ್ಸಿಗೆ ಹತ್ತಿತು. ತೊಡಕು ಬಂದದ್ದು ಆಮೇಲೆ. ಪತ್ರದಲ್ಲಿ ಏನೇನು ಆಸ್ತಿ ಎಂದು ಬರೆಯಬೇಕು. ಹೊಲ, ಮನೆ, ಆಯಿತು. ಇನ್ನೇನಾದರೂ ಇದೆಯೇ ಎಂದು ವಕೀಲೆ ಕೇಳಿದಾಗ ರೇಣವ್ವನಿಗೆ ಗಂಡ ಮತ್ತೆ ಮತ್ತೆ ಹೇಳುತ್ತಿದ್ದ ಮಾತು ನೆನಪಾಯಿತು. ಸವಿತಾನ ಕುರಿ ಅದಾವ, ನೀ ಚಿಂತಿ ಮಾಡಬ್ಯಾಡ ಎನ್ನುತ್ತಿದ್ದ. ಹಿತ್ತಲಲ್ಲಿ ಕಟ್ಟಿದ್ದ ಮುದಿ ಕುರಿಗಳ ಮಾತೇ ಇರಬೇಕೆಂದು ಅವಳು ಒಳಗೇ ನಕ್ಕಿದ್ದಳು. ಒಮ್ಮೆ, ಎಷ್ಟು ಅದಾವ ಹೇಳು ನೋಡೂಣು ಎಂದು ಕೆಣಕಿದ್ದಕ್ಕೆ ಅವನಿಗೆ ಸಿಟ್ಟು ಬಂದಿತ್ತು. ಕುರಿ ಎಣಿಸಬಾರದು. ಎಣಿಸಿದ ಕುರಿ ತೋಳದ ಪಾಲು ಎಂದು ಆ ಮನೆತನದ ನಂಬಿಕೆ. ಅವರು ಮುಖ ನೋಡಿ ಗುರುತು ಹಿಡಿಯುತ್ತಾರೆ, ಯಾವ ಮುಖ ಕಾಣಲಿಲ್ಲ ಎಂದು ಹೇಳುತ್ತಾರೆ, ಸಂಖ್ಯೆಯನ್ನು ಮಾತ್ರ ಬಾಯಿಗೆ ತರುವುದಿಲ್ಲ.

ಇನ್ನೊಂದೂ ನೆನಪಿಗೆ ಬಂತು. ಹುಲ್ಲಪ್ಪನ ಮಣ್ಣಿಗೆ ಹುನಗುಂದದ ಕಡೆಯಿಂದ ಬಂದಿದ್ದ ಮಾಳಪ್ಪ ಎಂಬ ಕುರುಬ, ಹೋಗುವಾಗ ಹೊಸ್ತಿಲಲ್ಲಿ ನಿಂತು, ಸವಿತವ್ವನ ಕುರಿ ನಮ್ಮ ಹಂತ್ಯಾಕ ಅದಾವ್ರಿ ಎಂದಿದ್ದ. ಅಳುವ ಮನೆಯಲ್ಲಿ ಆ ಮಾತನ್ನು ಯಾರು ಹಿಡಿದಿಟ್ಟುಕೊಳ್ಳುತ್ತಾರೆ? ಪಾಲಿಗೆ ಕುರಿ ಕೊಡುವುದು ಆ ಸೀಮೆಯಲ್ಲಿ ಹೊಸದೇನಲ್ಲ. ಒಬ್ಬರ ಕುರಿಯನ್ನು ಇನ್ನೊಬ್ಬರು ತಮ್ಮ ಹಿಂಡಿನಲ್ಲಿ ಮೇಯಿಸುತ್ತಾರೆ, ಮರಿ ಹುಟ್ಟಿದರೆ ಅರ್ಧ ಇವರಿಗೆ ಅರ್ಧ ಅವರಿಗೆ. ಕಿವಿಯ ಗುರುತೇ ಅದಕ್ಕೆ ಸಾಕ್ಷಿ. ಹೋಗಿ ನೋಡಿಕೊಂಡು ಬನ್ನಿ ಎಂದಳು ಫರಹಾನಾ.

ಜೋಳದ ಕೊಯ್ಲು ಮುಗಿದು ಹೊಲಗಳು ಬೋಳಾದ ಹೊತ್ತಿಗೆ ನಿಂಗರಾಜ ಟಂಟಂ ತಂದ. ಹಿಂದಿನ ಭಾಗದಲ್ಲಿ ಕಂಬಳಿ ಮಡಿಸಿ ಹಾಸಿ, ಸವಿತಾಳನ್ನು ಕುರ್ಚಿ ಸಮೇತ ಏರಿಸಿ, ಹಗ್ಗದಿಂದ ಬಿಗಿದರು. ಐಹೊಳೆ ದಾಟಿ ಅಮೀನಗಡದ ದಾರಿ. ಅಮೀನಗಡದಲ್ಲಿ ಕರದಂಟು ಕೊಂಡು ಸವಿತಾಳ ಬಾಯಿಗೆ ಸಣ್ಣ ಸಣ್ಣ ಚೂರು ಇಟ್ಟರು. ಕುರಿ ಸಿಕ್ಕರೆ ಇಲ್ಲಿಯ ಸಂತೆಯಲ್ಲೇ ಮಾರಿ ಬ್ಯಾಂಕಿಗೆ ಹಾಕಿಬಿಡೋಣ, ಉಸಾಬರಿ ಮುಗಿಯುತ್ತದೆ ಎಂದು ನಿಂಗರಾಜ ದಾರಿಯುದ್ದಕ್ಕೂ ಹೇಳಿದ. ಮುದಿ ಕುರಿ ನಾಲ್ಕು ಸಿಕ್ಕರೆ ಅದೇ ದೊಡ್ಡದು ಎಂದು ರೇಣವ್ವನ ಎಣಿಕೆ. ಕೇಳಿಕೊಳ್ಳುತ್ತ ಕೇಳಿಕೊಳ್ಳುತ್ತ ಹುನಗುಂದ ದಾಟಿ ಇಳಕಲ್ಲಿನ ದಾರಿಯಲ್ಲಿ ಒಂದಿಷ್ಟು ಹೋದ ಮೇಲೆ, ಮಾಳಪ್ಪ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದಾನೆ ಎಂದು ಒಬ್ಬರು ಕೈ ತೋರಿಸಿದರು.

ಎರೆ ಹೊಲ, ಕಣ್ಣು ಹಾಯುವವರೆಗೆ ಮಟ್ಟಸ. ಕರಿ ಕುರಿ, ಯಳಗ ತಳಿಯ ಬಿಳಿ ಕುರಿ ಕೂಡಿಕೊಂಡು ಕೊಯ್ದ ಜೋಳದ ಕೂಳೆಯಲ್ಲಿ ಚದುರಿ ಮೇಯುತ್ತಿದ್ದವು. ದೂರದಲ್ಲಿ ಒಬ್ಬ ಗಂಡಸು ಇವರಿಗೆ ಬೆನ್ನು ಹಾಕಿ ಕೋಲಿಗೆ ಒರಗಿ ನಿಂತಿದ್ದ. ನಿಂಗರಾಜ ಗಾಡಿ ನಿಲ್ಲಿಸಿ ಇನ್ನೂ ಇಳಿದಿರಲಿಲ್ಲ. ಆ ಗಂಡಸು ಬಾಯಿಗೆ ಅಂಗೈ ಹಿಡಿದು ಕೂಗಿದ.

ದಪ್ಪಗೆ ಎದ್ದಿತು, ನಡುವೆ ಮುರಿಯಿತು, ಆಮೇಲೆ ಸಣ್ಣಗೆ ಮೇಲಕ್ಕೇರಿತು.

ರೇಣವ್ವನ ಮೈಗೆ ಬೆಂಕಿ ಬಿದ್ದ ಹಾಗಾಯಿತು. ಮಗಳ ಕೂಗನ್ನು ಅಣಕಿಸಿದವರನ್ನು ಅವಳು ಬಿಟ್ಟವಳೇ ಅಲ್ಲ. ಓಣಿಯ ಹುಡುಗರು ಅಣಕಿಸಿದರೆ ಅವರವರ ಮನೆಯ ಹೊಸ್ತಿಲಿಗೆ ಹೋಗಿ, ಹುಡುಗರನ್ನು ಬಿಟ್ಟು ಅವರ ತಾಯಂದಿರನ್ನು ಬೈದು ಬರುತ್ತಿದ್ದಳು. ಆಕೆಯ ಬಾಯಿಗೆ ಹೆದರಿ ಆ ಓಣಿಯಲ್ಲಿ ಅಣಕಿಸುವುದೇ ನಿಂತುಹೋಗಿತ್ತು. ಇಲ್ಲಿ ನೋಡಿದರೆ ತಲೆ ನೆರೆತ ಗಂಡಸು, ಹುಡುಗಿ ಗಾಡಿಯಲ್ಲಿ ಕೂತದ್ದನ್ನು ಕಂಡು ಬೆನ್ನು ತಿರುಗಿಸಿ ಅಣಕಿಸುತ್ತಿದ್ದಾನೆ. ಅವಳು ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡು ಹೊಲಕ್ಕೆ ಇಳಿದೇಬಿಟ್ಟಳು.

ಚಪ್ಪಲಿ ಎತ್ತಿದ್ದೂ ಆಗಿತ್ತು. ಆಗ ಅವಳ ಮಗ್ಗುಲಿನಿಂದ ಒಂದು ಕುರಿ ಸರಕ್ಕನೆ ಹಾದುಹೋಯಿತು. ಹಿಂದೆಯೇ ಇನ್ನೊಂದು. ಆಮೇಲೆ ಎಡದಿಂದ ಬಲದಿಂದ ಬಂದವು, ಮೇವು ಬಾಯಲ್ಲಿಟ್ಟುಕೊಂಡೇ ಬಂದವು, ಮರಿ ಕಟ್ಟಿಕೊಂಡು ಬಂದವು, ಕರಿಯವು, ಬಿಳಿಯವು, ಮೂಗಿಗೆ ಕಂದು ಬಣ್ಣದವು. ಎಲ್ಲ ಕುರಿಯೂ ಬರಲಿಲ್ಲ. ಹಿಂಡಿನಲ್ಲಿ ಎಷ್ಟೋ ಕುರಿ ತಲೆ ಕೂಡ ಎತ್ತದೆ ಮೇಯುತ್ತ ಉಳಿದವು. ಬಂದವುಗಳ ಎಡಗಿವಿಯ ತುದಿಯಲ್ಲಿ ಬೇವಿನ ಎಲೆಯಷ್ಟು ಸೀಳು. ಅದು ಹುಲ್ಲಪ್ಪನ ಕತ್ತಿಯ ಸೀಳು, ಹಿತ್ತಲಿನ ಮುದಿ ಕುರಿಗಳ ಕಿವಿಯಲ್ಲಿ ಅವಳು ದಿನಾ ಕಾಣುವ ಸೀಳು. ರೇಣವ್ವನ ಕೈ ಎತ್ತಿದ್ದು ಎತ್ತಿದ ಹಾಗೇ ನಿಂತಿತು.

ತಿರುಗಿದ ಮಾಳಪ್ಪ ಚಪ್ಪಲಿಯನ್ನೂ ಅವಳ ಮುಖವನ್ನೂ ನೋಡಿ ಮೊದಲು ಗಾಬರಿಯಾದ. ಆಮೇಲೆ ಅವನಿಗೆ ಅರ್ಥವಾಯಿತು.

“ಅಣಕಿಸಾಕತ್ತಿಲ್ರಿ ಅಕ್ಕಾ,” ಎಂದ. “ಇದು ಹುಲ್ಲಪ್ಪಣ್ಣ ಕಲಿಸಿದ ಕೂಗು. ಇವು ಸವಿತವ್ವನ ಕುರಿ, ಆಕಿ ದನಿಗೆ ಬರ್ತಾವ. ನನ್ನ ಕುರಿಗೆ ನಂದ ಬ್ಯಾರೆ ಕೂಗು ಐತಿ.”

ಆಮೇಲೆ ಅವನು ಕೋಲು ನೆಲಕ್ಕಿಟ್ಟು, ಕೂತು, ನಿಧಾನವಾಗಿ ಹೇಳಿದ. ಸವಿತಾ ಸಣ್ಣವಳಿದ್ದಾಗ ಹುಲ್ಲಪ್ಪ ಅವಳನ್ನು ಕಂಬಳಿಯಲ್ಲಿ ಕಟ್ಟಿ ಹೆಗಲಿಗೆ ಹಾಕಿಕೊಂಡು ಮೇಯಿಸಲು ಹೋಗುತ್ತಿದ್ದದ್ದು ರೇಣವ್ವನಿಗೂ ಗೊತ್ತಿತ್ತು. ಹಾಗೆ ಕೂತ ಮಗು ಕೂಗಿದಾಗಲೆಲ್ಲ ಅವನ ಕುರಿಗಳು ಕಿವಿ ನಿಮಿರಿಸಿ ತಿರುಗುತ್ತಿದ್ದವಂತೆ. ಅದನ್ನು ಕಂಡು ಅವನಿಗೆ ಹೊಳೆಯಿತು. ಒಳ್ಳೆಯ ಹೆಣ್ಣು ಮರಿಗಳನ್ನು ಆರಿಸಿ, ಮಗಳ ಗುರುತು ಹಾಕಿ, ತಾನು ಕಂಡ ನಂಬಿಗಸ್ತ ಹಿಂಡುಗಳಿಗೆ ಪಾಲಿಗೆ ಕೊಡುತ್ತ ಬಂದ. ಪಾಲು ಎಲ್ಲರ ಹಾಗೇ ಅರ್ಧ. ಕರಾರು ಮಾತ್ರ ಒಂದು ಹೆಚ್ಚು, ಈ ಕುರಿಗಳನ್ನು ಸವಿತಾಳ ದನಿಯಲ್ಲೇ ಕರೆಯಬೇಕು. ಕರೆಯಲು ಬಾರದವರಿಗೆ ಹೊಲದ ಬದುವಿನ ಮೇಲೆ ಕೂತು ಕಲಿಸಿದ. ಪ್ರತಿ ವರ್ಷ ಬಂದು, ದೂರ ನಿಂತು, ತಾನೇ ಕೂಗುತ್ತಿದ್ದ. ಕುರಿ ಬಂದರೆ ಸರಿ. ಬರದಿದ್ದರೆ ಮಾತಿಲ್ಲದೆ ಹೊಡೆದುಕೊಂಡು ಹೋಗಿ ಬೇರೆ ಹಿಂಡಿಗೆ ಸೇರಿಸುತ್ತಿದ್ದ. ತನ್ನ ಪಾಲಿಗೆ ಬಂದ ಮರಿಗಳನ್ನೂ ಹಾಗೇ ಹಂಚುತ್ತ ಹೋದ.

ಇಷ್ಟು ವರ್ಷ ಗಂಡನ ಜೊತೆ ಬಾಳಿದ ರೇಣವ್ವನಿಗೆ ಮೊದಲು ಬಂದದ್ದು ಸಿಟ್ಟು. ತನಗೊಂದು ಮಾತು ಹೇಳಬಾರದಾಗಿತ್ತೇ ಎಂದಳು. ಮಾಳಪ್ಪ ನಕ್ಕ. ಹೇಳಿದ್ದರೆ ನೀವು ಎಣಿಸುತ್ತಿದ್ದಿರಿ ಎಂದ. ಅದು ಖರೆಯೇ, ಎಣಿಸದೆ ಬಿಡುವ ಹೆಂಗಸು ಅವಳಲ್ಲ. ಹುಲ್ಲಪ್ಪ ತೀರಿಕೊಂಡ ಮೇಲೆ ಈ ಕುರುಬರೇ ಬಂದು ತಿಳಿಸಬಹುದಾಗಿತ್ತು, ಆದರೆ ವರ್ಷ ತುಂಬುವವರೆಗೆ ಸತ್ತ ಮನೆಗೆ ಕುರಿಯ ಮಾತು ಒಯ್ಯಬಾರದೆಂದು ಅವರ ಕಡೆಯ ರೂಢಿ, ಅಂದು ಹೊಸ್ತಿಲಲ್ಲಿ ಆಡಿದ ಒಂದು ಮಾತೇ ಹೆಚ್ಚಾಗಿತ್ತು. ವರ್ಷ ತುಂಬುವುದನ್ನೇ ಕಾಯುತ್ತಿದ್ದೆವು ಎಂದ.

“ಯಾಕ ಹಿಂಗ ಮಾಡ್ತಿ ಅಂತ ಕೇಳಿದ್ದೆ ನಾ,” ಎಂದ ಮಾಳಪ್ಪ. ಅವನ ದನಿ ತಗ್ಗಿತ್ತು. “ನಾ ಸತ್ತ ಮ್ಯಾಲ ನನ್ನ ಮಗಳು ಯಾವ ಸೀಮ್ಯಾಗ ಬಾಯಿ ತೆಗೆದ್ರೂ ಒಬ್ಬರಾದ್ರೂ ಹೊಳ್ಳಿ ನೋಡಬೇಕು ಮಾಳ್ಯಾ, ಅಂದ. ನೋಡಿ ನಗಬಾರದು, ಅಂದ.”

ರೇಣವ್ವ ಏನೂ ಹೇಳುವ ಮೊದಲೇ ಗಾಡಿಯ ಕಡೆಯಿಂದ ಕೂಗು ಬಂತು. ಸವಿತಾ ಎಲ್ಲವನ್ನೂ ನೋಡುತ್ತ ಕೂತಿದ್ದಳು. ತನ್ನ ದನಿ ಇನ್ನೊಬ್ಬರ ಗಂಟಲಿನಿಂದ ಬಂದದ್ದನ್ನು ಕೇಳಿದಾಗ ಅವಳಿಗೆ ಏನಾಯಿತೋ ಅವಳಿಗೇ ಗೊತ್ತು, ಈಗ ಮೈಯ ಶಕ್ತಿಯನ್ನೆಲ್ಲ ಕೂಡಿಸಿ ಉತ್ತರ ಕೊಟ್ಟಿದ್ದಳು. ಮಾಳಪ್ಪನ ಸುತ್ತ ನೆರೆದಿದ್ದ ಕುರಿಗಳು ಒಮ್ಮೆಲೇ ಕಿವಿ ತಿರುಗಿಸಿದವು. ಅವನನ್ನು ಬಿಟ್ಟು, ರೇಣವ್ವನನ್ನು ಬಳಸಿಕೊಂಡು, ದೂಳೆಬ್ಬಿಸುತ್ತ ದಾರಿಯ ಕಡೆಗೆ ಹರಿದವು. ಹುಟ್ಟಿದಾಗಿನಿಂದ ಸವಿತಾಳನ್ನು ಕಾಣದ ಕುರಿಗಳು ಗಾಡಿಯ ಸುತ್ತ ಒತ್ತರಿಸಿ ನಿಂತು ಅವಳ ಮುಖಕ್ಕೆ ಮುಖವೆತ್ತಿದವು. ನಿಂಗರಾಜ ದಾರಿ ಸಿಗದೆ ಡ್ರೈವರ್ ಸೀಟಿನ ಮೇಲೆ ಹತ್ತಿ ನಿಂತ.

ಅಷ್ಟಕ್ಕೇ ಮುಗಿಯಲಿಲ್ಲ. ಹಳ್ಳದ ಆಚೆಯ ಹೊಲದಲ್ಲಿ ಇನ್ನೊಂದು ಹಿಂಡು ಇತ್ತು, ಅಲ್ಲಿಯ ಕುರುಬ ಇತ್ತ ತಿರುಗಿ ಅದೇ ಕೂಗು ಕೂಗಿದ. ಅವನ ಆಚೆ, ಮನುಷ್ಯರು ಕಾಣದಷ್ಟು ದೂರದಿಂದ, ಗಾಳಿಯಲ್ಲಿ ಸೋಸಿ ಬಂದ ಹಾಗೆ ಮತ್ತೊಂದು ಬಂತು, ಒಂದು ಹೆಣ್ಣಿನ ದನಿ. ದಪ್ಪಗೆ ಎದ್ದು, ನಡುವೆ ಮುರಿದು, ಸಣ್ಣಗೆ ಏರಿ. ಮನೆಯಲ್ಲಿ ಬಾಗಿಲು ಮುಂದು ಮಾಡಿ, ನೆಂಟರು ಬಂದಾಗ ಶ್ ಎಂದು, ಬಸ್ಸಿನಲ್ಲಿ ಬಾಯಿಗೆ ಸೆರಗು ಒತ್ತಿ ತಾನು ಮುಚ್ಚಿಟ್ಟುಕೊಂಡ ದನಿ ಇಷ್ಟಗಲ ನೆಲದ ಮೇಲೆ ಹೊಲದಿಂದ ಹೊಲಕ್ಕೆ ದಾಟಿಕೊಂಡು ಹೋಗುತ್ತಿತ್ತು.

ರೇಣವ್ವ ಎರೆ ಮಣ್ಣಿನಲ್ಲಿ ಕುಕ್ಕರಿಸಿದಳು. ಪಟ್ಟದಕಲ್ಲಿನ ಗುಡಿಗಳ ಮುಂದೆ ಬಾಯಿ ತೆರೆದು ನಿಲ್ಲುವ ಪರಸ್ಥಳದವರನ್ನು ಕಂಡು, ಕಲ್ಲಿನಾಗ ಏನ ಐತಿ ಅಂತ ಹಿಂಗ ನೋಡ್ತಾರ ಎಂದು ನಗುತ್ತಿದ್ದವಳು ಅವಳು. ಇಂದು ಅವಳ ಬಾಯಿಯೂ ಹಾಗೇ ತೆರೆದಿತ್ತು. ಓದು ಬರಹ ಇಲ್ಲದ, ಮನೆಯಲ್ಲಿ ಮಾತೇ ಆಡದ ಗಂಡಸು, ಯಾರಿಗೂ ಹೇಳದೆ, ಮಗಳ ದನಿಯನ್ನು ಸೀಮೆಯ ತುಂಬ ಬಿತ್ತಿ ಹೋಗಿದ್ದ. ಅವಳು ಅತ್ತಳು. ಅವನು ಸತ್ತ ದಿನ ಅತ್ತದ್ದು ತನ್ನ ಸಲುವಾಗಿ ಎಂದು ಆಗ ಅವಳಿಗೆ ತಿಳಿಯಿತು, ಅವನ ಸಲುವಾಗಿ ಅತ್ತದ್ದು ಇದೇ ಮೊದಲು.

ಹೊಲದ ಮೂಲೆಯಲ್ಲಿ ಮಾಳಪ್ಪನ ಬಿಡಾರ. ಅವನ ಸೊಸೆ ಹೊನ್ನವ್ವ ಊರಿನಿಂದ ಬುತ್ತಿ ಹೊತ್ತು ಬಂದಿದ್ದಳು. ಆ ದೂರದ ಹೆಣ್ಣು ದನಿ ಅವಳದೇ, ದಾರಿಯಲ್ಲಿ ಬರುತ್ತ ಕೇಳಿ ಉತ್ತರ ಕೊಟ್ಟಿದ್ದಳು. ಸಣ್ಣಂದಿನಿಂದ ಕೂಗಿದ ಕೂಗು, ಇದಕ್ಕೊಬ್ಬಳು ಒಡತಿ ಇದ್ದಾಳೆಂದು ಕೇಳಿದ್ದೆ, ಇವತ್ತು ಕಂಡೆ ಎಂದು ಸವಿತಾಳ ಕೆನ್ನೆ ಸವರಿ ನೆಟಿಕೆ ಮುರಿದಳು. ಅವಳ ತವರಿನ ಹಿಂಡಿನಲ್ಲೂ ಸವಿತಾಳ ಕುರಿ ಇದ್ದವು.

ಊಟ ಮುಗಿಸಿ ರೇಣವ್ವ ಕೈ ತೊಳೆಯಲು ಬನ್ನಿ ಗಿಡದ ಆಚೆ ಹೋಗಿದ್ದಾಗ ಸವಿತಾ ಕೂಗಿದಳು. ಅದು ಹಸಿವಿನ ಕೂಗು. ಉಂಡು ಇನ್ನೂ ಬಾಯಿ ಒರೆಸಿಲ್ಲ, ಮತ್ತೆ ಹಸಿವೇ ಎಂದುಕೊಂಡು ರೇಣವ್ವ ರೊಟ್ಟಿ ತರಲು ಓಡಬೇಕೆಂದವಳು, ಯಾಕೋ ನಿಂತಳು. ವರ್ಷಕ್ಕೊಮ್ಮೆ ದೂರ ನಿಂತು ಕೇಳಿಸಿಕೊಳ್ಳುತ್ತಿದ್ದನಲ್ಲ ಹುಲ್ಲಪ್ಪ, ಹಾಗೆ ಒಮ್ಮೆ ತಾನೂ ನಿಂತು ನೋಡೋಣ ಅನ್ನಿಸಿತು. ಕಾಲು ಓಡು ಓಡು ಎನ್ನುತ್ತಿತ್ತು. ಗಿಡದ ಕಾಂಡ ಹಿಡಿದುಕೊಂಡು ನಿಂತಳು.

ಹೊನ್ನವ್ವ ನೀರು ತಂದಳು. ಸವಿತಾ ಮುಖ ತಿರುಗಿಸಿದಳು. ರೊಟ್ಟಿ ಹಿಡಿದಳು, ಅದಕ್ಕೂ ಮುಖ ತಿರುಗಿಸಿದಳು. ನೆರಳಿಗೆ ಸರಿಸಿದಳು, ಕೂಗು ಇನ್ನೂ ಜೋರಾಯಿತು. ಆಗ ಹೊನ್ನವ್ವ ಕೈಯಲ್ಲಿದ್ದುದನ್ನೆಲ್ಲ ಕೆಳಗಿಟ್ಟು, ಕುರ್ಚಿಯ ಮುಂದೆ ಮುಖಕ್ಕೆ ಮುಖ ಸಮ ಬರುವ ಹಾಗೆ ಕೂತಳು.

“ನನಗ ತಿಳಿವಲ್ದವ್ವ,” ಎಂದಳು. “ನೀನ ತೋರಿಸು. ನನಗೇನ ಅವಸರ ಇಲ್ಲ.”

ಅಷ್ಟೇ. ಸುಮ್ಮನೆ ಕೂತಳು. ಸವಿತಾಳ ತಲೆ ತೂಗಾಡಿತು, ಕಣ್ಣು ಬೇರೆ ಬೇರೆ ಕಡೆ ಓಡಿ ಕೊನೆಗೆ ಒಂದು ಕಡೆ ನೆಟ್ಟಿತು. ಹೊನ್ನವ್ವ ಆ ನೋಟದ ಹಾದಿ ಹಿಡಿದು ತಿರುಗಿ ನೋಡಿದಳು. ಬಿಡಾರದ ಮಗ್ಗುಲಿನ ಬಲೆ ಕಟ್ಟಿ ಮಾಡಿದ ದೊಡ್ಡಿಯೊಳಗೆ ಅಂದೇ ಹುಟ್ಟಿದ ಮರಿ ಕಾಲು ನಿಲ್ಲದೆ ಬಿದ್ದು ಏಳುತ್ತಿತ್ತು. ಎತ್ತಿ ತಂದು ಸವಿತಾಳ ತೊಡೆಯ ಮೇಲೆ ಇಟ್ಟಳು. ಕೂಗು ನಿಂತಿತು. ಬೆಚ್ಚಗಿನ ಮರಿಯ ಮೇಲೆ ಕೈ ಬಿದ್ದ ಕೂಡಲೇ ಸವಿತಾ ನಕ್ಕಳು, ಮೈಯೆಲ್ಲ ಕುಣಿಯುವ ಹಾಗೆ ನಕ್ಕಳು.

ಗಿಡದ ಹಿಂದೆ ರೇಣವ್ವ ಹಣೆ ಹಣೆ ಬಡಿದುಕೊಂಡಳು. ಆ ಕೂಗಿಗೆ ಅವಳು ಇಷ್ಟು ವರ್ಷ ರೊಟ್ಟಿ ತುರುಕಿದ್ದಳು. ನನಗೊಬ್ಬಳಿಗೇ ತಿಳಿಯುತ್ತದೆ ಎಂದು ಕೇಳುವುದನ್ನೇ ಬಿಟ್ಟಿದ್ದಳು, ಈ ಹೆಣ್ಣಿಗೆ ಏನೂ ತಿಳಿಯದು, ಅದಕ್ಕೇ ಕೂತು ಕೇಳಿದಳು. ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳಾದೀತು. ಆಯಿತು. ಆದರೆ ಹೊಟ್ಟೆಕಿಚ್ಚಿನ ಕೆಳಗೆ, ಎದೆಯ ಮೇಲಿನ ಕಲ್ಲು ಒಂದಿಷ್ಟು ಜರುಗಿದ್ದೂ ಅವಳಿಗೆ ಗೊತ್ತಾಯಿತು.

ಹೊರಡುವ ಮೊದಲು ಅವಳು ಮಾತು ತೆಗೆದಳು. ನನ್ನ ಹಿಂದೆ ಇವಳನ್ನು ನೋಡಿಕೊಳ್ಳುತ್ತೀಯಾ ಎಂದು ನೇರವಾಗಿ ಕೇಳಿದಳು, ಸುತ್ತಿ ಬಳಸಿ ಕೇಳುವುದು ಅವಳಿಗೆ ಬಾರದು. ಹೊನ್ನವ್ವ ಕೂಡಲೇ ಹೂಂ ಅನ್ನಲಿಲ್ಲ. ಗಂಡ ಮಾವ ಹಿಂಡಿನ ಹಿಂದೆ ಊರೂರು ತಿರುಗುತ್ತಾರೆ, ತಾನು ಇಳಕಲ್ಲಿನ ಮಗ್ಗುಲಿನ ಊರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಇರುತ್ತೇನೆ, ಮನೆ ಸಣ್ಣದು ಎಂದು ಇದ್ದದ್ದು ಇದ್ದ ಹಾಗೆ ಹೇಳಿದಳು. ಆಮೇಲೆ, ನಾ ಒಲ್ಲೆ ಅನ್ನುವುದಿಲ್ಲ, ಆದರೆ ಮೊದಲು ಅವಳನ್ನು ಕೇಳಿ ಎಂದಳು. ಮಗಳನ್ನು ಕೇಳುವ ಮಾತು ರೇಣವ್ವನಿಗೆ ಹೊಳೆದೇ ಇರಲಿಲ್ಲ.

ಆ ಬೇಸಿಗೆ ಸವಿತಾಳನ್ನು ಹೊನ್ನವ್ವನ ಮನೆಗೆ ಕಳಿಸಿ ನೋಡಿದರು. ಮೊದಲ ಸಲ ಅತ್ತು ಕರೆದು ಊಟ ಬಿಟ್ಟಳು, ಮರುದಿನವೇ ಕರೆತಂದರು. ರೇಣವ್ವನಿಗೆ ಒಳಗೊಳಗೇ ಖುಷಿಯಾಯಿತು, ಆ ಖುಷಿಗೆ ನಾಚಿಕೆಯೂ ಆಯಿತು. ಎರಡನೆಯ ಸಲ ರೇಣವ್ವ ಜೊತೆಗೆ ಹೋಗಿದ್ದು ಬಂದಳು. ಮುಂದಿನ ಸಲ ಕರೆತರಲು ಟಂಟಂ ಬಂದರೆ ಸವಿತಾ ಹತ್ತಲು ಒಲ್ಲೆ ಎಂದು ಮೈ ಬಿಗಿ ಹಿಡಿದಳಂತೆ. ಆ ಸುದ್ದಿ ತಂದ ನಿಂಗರಾಜ ನಕ್ಕ, ರೇಣವ್ವ ಒಲೆಯ ಹೊಗೆಯ ನೆವ ಹೇಳಿ ಕಣ್ಣೊರೆಸಿಕೊಂಡಳು.

ಟ್ರಸ್ಟಿನ ಪತ್ರವೂ ಆಯಿತು. ಕುರಿ ಎಷ್ಟು ಎಂದು ಫರಹಾನಾ ಕೇಳಿದಳು, ಎಣಿಸುವುದಿಲ್ಲ ಎಂದು ಮಾಳಪ್ಪ ಕಡ್ಡಿ ಮುರಿದ ಹಾಗೆ ಹೇಳಿದ. ಬಹಳ ಹೊತ್ತು ಜಗ್ಗಾಡಿ, ಎಡಗಿವಿಯಲ್ಲಿ ಇಂಥ ಸೀಳು ಇರುವ ಕುರಿಗಳು ಮತ್ತು ಅವುಗಳ ಸಂತಾನ, ಇಂಥಿಂಥವರ ಹಿಂಡುಗಳಲ್ಲಿ ಇರತಕ್ಕವು ಎಂದು ಬರೆದರು. ಹೊಲ, ಕುರಿಯ ವ್ಯವಹಾರಕ್ಕೆ ನಿಂಗರಾಜ ಮತ್ತು ಊರ ಶಾಲೆಯ ನಿವೃತ್ತ ಅಕ್ಕೋರು ಇಬ್ಬರೂ ಕೂಡಿ ಸಹಿ ಹಾಕಬೇಕು. ನಿಂಗರಾಜ ತಕರಾರು ತೆಗೆಯುತ್ತಾನೆಂದು ರೇಣವ್ವ ಸೆರಗು ಬಿಗಿದು ಕೂತಿದ್ದಳು. ಅವನು ತಲೆ ತಗ್ಗಿಸಿ ಬೇರೆಯೇ ಹೇಳಿದ.

“ಆಕಿ ಕೂಗಿದ್ರ ನನಗ ಅಂಜಿಕಿ ಬರ್ತದ ದೊಡ್ಡವ್ವ, ಏನ ಮಾಡಬೇಕು ತಿಳಿಯಂಗಿಲ್ಲ. ಹೊಲದ ಕೆಲಸ ಹೇಳು, ಎಷ್ಟರ ಹೇಳು, ಮಾಡ್ತೇನಿ.”

ಇಷ್ಟು ದಿನ ಹೊಲದ ಹೆಸರನ್ನು ಅವನು ಮುಂದಿಟ್ಟುಕೊಂಡಿದ್ದು ಆಸೆಗಿಂತ ಹೆಚ್ಚಾಗಿ ಈ ಅಂಜಿಕೆಯನ್ನು ಮರೆಮಾಡಲು ಎಂದು ಅವಳಿಗೆ ತಿಳಿದು, ಅವನ ಬೆನ್ನು ತಟ್ಟಿದಳು.

ಸಮಿತಿಯ ಮುಂದೆ ಹೋಗುವ ದಿನ ಬಂತು. ನವನಗರದ ಡಿಸಿ ಆಫೀಸು, ಉದ್ದ ಮೇಜು, ಮೇಜಿನ ಆಚೆ ಅಧಿಕಾರಿಗಳು. ಒಬ್ಬೊಬ್ಬರನ್ನೇ ಕರೆಯುತ್ತಿದ್ದರು, ಹೊನ್ನವ್ವ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಕಾಗದಗಳನ್ನೆಲ್ಲ ನೋಡಿ ಮುಗಿಸಿದ ಅಧಿಕಾರಿ ಒಳ್ಳೆಯ ಮನುಷ್ಯ, ಸವಿತಾಳ ಕಡೆಗೇ ತಿರುಗಿ, ಹೊನ್ನವ್ವನ ಹತ್ತಿರ ಇರುತ್ತೀಯಾ ಎಂದು ಕೇಳಿದರು. ಕೇಳಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಪೆನ್ನು ಹಿಡಿದು ಕಾದರು.

ಸವಿತಾ ಬಾಯಿ ತೆಗೆದಳು. ಕೂಗು ಗೋಡೆಗೆ ಬಡಿದು ಇಡೀ ಕೋಣೆ ತುಂಬಿತು. ಮೇಜಿನ ಆಚೆ ಒಬ್ಬರು ಬೆಚ್ಚಿದರು, ಫೈಲು ಹೊತ್ತ ಜವಾನ ನಡೆಯುತ್ತಿದ್ದಲ್ಲೇ ನಿಂತ. ರೂಢಿಯ ಬಲ ದೊಡ್ಡದು, ರೇಣವ್ವನ ಕೈ ತಾನಾಗಿಯೇ ಸೆರಗು ಹಿಡಿದು ಮಗಳ ಬಾಯಿಯ ಹತ್ತಿರ ಹೋಗಿತ್ತು. ಆ ಕೈಯನ್ನು ಅವಳು ಇನ್ನೊಂದು ಕೈಯಿಂದ ಹಿಡಿದು ತೊಡೆಯ ಮೇಲೆ ಇಟ್ಟುಕೊಂಡಳು.

ಮುಚ್ಚಿದ ಬಾಗಿಲಿನ ಆಚೆಯಿಂದ, ಡಿಸಿ ಆಫೀಸು ಎಂಬ ಹೆದರಿಕೆ ಒಂದಿಷ್ಟೂ ಇಲ್ಲದೆ, ಬಯಲಲ್ಲಿ ನಿಂತ ಹಾಗೆ, ಹೊನ್ನವ್ವ ಉತ್ತರ ಕೊಟ್ಟಳು. ಸವಿತಾಳ ಮುಖ ಬಾಗಿಲಿನ ಕಡೆ ಹೊರಳಿತು, ಮೈ ಪೂರ್ತಿ ಆ ಕಡೆ ವಾಲಿತು. ಅಧಿಕಾರಿ ಸವಿತಾಳನ್ನೇ ಸ್ವಲ್ಪ ಹೊತ್ತು ನೋಡಿ, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಬರೆಯತೊಡಗಿದರು.

ಕೆಳಗೆ ಇಳಿದು ಗೇಟಿನ ಹತ್ತಿರ ಟಂಟಂ ಕಾಯುತ್ತ ನಿಂತಾಗ ರೇಣವ್ವನಿಗೆ ಒಂದು ವಿಚಾರ ಬಂತು. ಗಂಡ ಕೂಗಿದ್ದ, ಮಾಳಪ್ಪ ಕೂಗುತ್ತಾನೆ, ಹೊನ್ನವ್ವ ಕೂಗುತ್ತಾಳೆ, ಹಳ್ಳದಾಚೆಯ ಹೆಸರಿಲ್ಲದ ಕುರುಬನೂ ಕೂಗುತ್ತಾನೆ. ಹೆತ್ತ ತಾನು ಮಾತ್ರ ಒಮ್ಮೆಯೂ ಆ ದನಿಯಲ್ಲಿ ಮಗಳನ್ನು ಕರೆದಿಲ್ಲ. ಸುತ್ತ ನೋಡಿದಳು. ಜನ ಇದ್ದರು. ಗಂಟಲು ಸರಿ ಮಾಡಿಕೊಂಡು ಕೂಗಿದಳು. ದಪ್ಪಗೆ ಎದ್ದದ್ದು ದಪ್ಪಗೇ ಹೋಗಿ ಕೆಮ್ಮಿನಲ್ಲಿ ಮುಗಿಯಿತು. ಸವಿತಾ ಬೆರಗಾಗಿ ತಾಯಿಯ ಮುಖವನ್ನೇ ನೋಡಿದಳು, ಆಮೇಲೆ ಕುರ್ಚಿ ಅಲುಗುವ ಹಾಗೆ ನಗತೊಡಗಿದಳು.

“ಹಂಗಲ್ರಿ ಯವ್ವಾ,” ಎಂದಳು ಹೊನ್ನವ್ವ. “ನಡಕ ಮುರೀಬೇಕು.”

ಸವಿತಾ ನಗು ನಿಲ್ಲಿಸಿ, ತಾಯಿಗೆ ತಿಳಿಯಲೆಂದು ನಿಧಾನವಾಗಿ ಒಮ್ಮೆ ಕೂಗಿ ತೋರಿಸಿದಳು. ಗೇಟಿನ ಕಾವಲುಗಾರ ಹೊರಳಿ ನೋಡಿದ, ದಾರಿಯಲ್ಲಿ ಹೋಗುವ ಇಬ್ಬರು ಹೊರಳಿ ನೋಡಿದರು. ನೋಡಲಿ ಬಿಡು ಎಂದುಕೊಂಡು ರೇಣವ್ವ ಇನ್ನೊಮ್ಮೆ ಕೂಗಿದಳು.